ಬಿಳಾಮನ ಕತ್ತೆ ನಿಜವಾಗಿ ಮಾತಾಡಿತೇ?

ಯಹೂದಿ ಶಾಸ್ತ್ರಗ್ರಂಥದಲ್ಲಿ ಪ್ರವಾದಿ ಬಿಳಾಮನ ಕತ್ತೆ ದಾರಿಯಲ್ಲಿ ದೇವದೂತನನ್ನು ಕಂಡು ಯಜಮಾನನೊಡನೆ ಮಾತಾಡುತ್ತದೆ. ಹಿಂದಿನ ಯಹೂದಿಗಳೆಲ್ಲ ಇಂಥ ಪವಾಡಗಳನ್ನು ಅಕ್ಷರಶಃ ನಂಬಿದ್ದರು, ರೂಪಕ ಅನ್ನುವುದು ಈಚಿನವರ ಬುದ್ಧಿವಂತಿಕೆ ಎಂದುಕೊಂಡು ಈ ಪಾಠಕ್ಕೆ ಇಳಿಯಬೇಡಿ. ಜಗಳ ಪ್ರಾಚೀನ ಯಹೂದಿ ಪಂಡಿತರ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲೇ ಇದೆ.

ಸನ್ಹೆದ್ರಿನ್ ಭಾಗದ 92ನೇ ಹಾಳೆ ತೆಗೆಯಿರಿ. ಪ್ರವಾದಿ ಯೆಹೆಜ್ಕೇಲ ಕಂಡ ಕಣಿವೆಯಲ್ಲಿ ಒಣಮೂಳೆಗಳು ಜೀವ ತಳೆದ ಕಥೆಯ ಚರ್ಚೆ. ರಬ್ಬಿ (ಯಹೂದಿ ಧರ್ಮಗುರು) ಯೆಹೂದಾ ಅದನ್ನು ದೃಷ್ಟಾಂತ ಅನ್ನುತ್ತಾರೆ. ಇನ್ನೊಬ್ಬರು ಒಪ್ಪುವುದಿಲ್ಲ: ಎದ್ದವರು ಇಸ್ರಾಯೇಲಿಗೆ ಹೋದರು, ಮದುವೆಯಾದರು, ಮಕ್ಕಳನ್ನೂ ಪಡೆದರು. ಆಗ ಯೆಹೂದಾ ಬೆನ್ ಬತೇರಾ ಎದ್ದು ನಿಂತು, ನಾನೇ ಅವರ ವಂಶದವನು, ಇಗೋ ನಮ್ಮ ತಾತ ಬಿಟ್ಟುಹೋದ ತೆಫಿಲಿನ್ ಅನ್ನುತ್ತಾರೆ. (ಪ್ರಾರ್ಥನೆಯ ವೇಳೆ ತೋಳಿಗೂ ಹಣೆಗೂ ಕಟ್ಟಿಕೊಳ್ಳುವ, ಒಳಗೆ ಶಾಸ್ತ್ರವಾಕ್ಯವಿರುವ ಚರ್ಮದ ಪೆಟ್ಟಿಗೆಗಳವು.) ಗಂಭೀರವಾಗಿ ಅಂದರೋ ಚೇಷ್ಟೆಗೋ, ಹಾಳೆ ಬಾಯಿ ಬಿಡುವುದಿಲ್ಲ.

12ನೇ ಶತಮಾನದ ಈಜಿಪ್ಟಿನಲ್ಲಿ ಯಹೂದಿ ತತ್ವಜ್ಞಾನಿ ಮೈಮೊನಿಡೀಸ್ ಒಂದು ನಿಯಮವನ್ನೇ ಮಾಡಿದ: ದೇವದೂತ ಕಂಡ, ಮಾತಾಡಿದ ಎಂದು ಬಂದಲ್ಲೆಲ್ಲ ಅದು ಪ್ರವಾದಿಯ ದರ್ಶನ. ಅಬ್ರಹಾಮನ ಮನೆಗೆ ಬಂದ ಮೂವರು, ದೇವದೂತನೊಡನೆ ಯಾಕೋಬನ ರಾತ್ರಿ ಕುಸ್ತಿ, ಬಿಳಾಮನ ಕತ್ತೆಯ ಮಾತು, ಎಲ್ಲವೂ ಈ ಲೆಕ್ಕಕ್ಕೆ. ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲೇ. ಅವನು ಕಥೆ ಸುಳ್ಳು ಅನ್ನಲಿಲ್ಲ, ಪವಾಡಗಳನ್ನೂ ತಳ್ಳಿಹಾಕಲಿಲ್ಲ. ಇಸ್ರಾಯೇಲ್ಯರಿಗೆ ದಾರಿಯಾಗಲು ಸಮುದ್ರ ಸೀಳಿದ್ದನ್ನು ಒಪ್ಪುತ್ತಿದ್ದ. ಘಟನೆ ನಡೆದ ಜಾಗವನ್ನು ಮಾತ್ರ ಅಂಗಳದಿಂದ ಪ್ರವಾದಿಯ ಮನಸ್ಸಿಗೆ ಸಾಗಿಸಿದ.

ಮುಂದಿನ ಶತಮಾನದಲ್ಲಿ ಸ್ಪೇನಿನ ಜೆರೋನಾದ ಪಂಡಿತ ನಹ್ಮಾನಿಡೀಸ್‌ಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಹಾಗಾದರೆ ಆ ಮೂವರು ಅತಿಥಿಗಳಿಗಾಗಿ ಅಬ್ರಹಾಮನ ಹೆಂಡತಿ ಸಾರಳು ಹಿಟ್ಟು ನಾದಲೇ ಇಲ್ಲವೇ? ಕರು ಬೇಯಲಿಲ್ಲವೇ? ಅವಳು ನಕ್ಕದ್ದೂ ಕನಸೇ? ಕುಸ್ತಿ ದರ್ಶನವಾದರೆ ಯಾಕೋಬ ಬೆಳಿಗ್ಗೆ ಕುಂಟಿದ್ದು ಯಾಕೆ? ಇಂಥ ಮಾತು ಕೇಳುವುದೂ ನಿಷಿದ್ಧ ಎಂದು ಬರೆದ. ಬೈಗುಳ ಬದಿಗಿಡಿ, ಕುಂಟಿನ ಪ್ರಶ್ನೆ ಮಾತ್ರ ನನ್ನ ಮಟ್ಟಿಗೆ ಈ ವಾದದಲ್ಲೇ ಗಟ್ಟಿಯಾದದ್ದು.

ಯಹೂದಿ ಪಂಡಿತ ಸಾದಿಯಾ ಗಾಓನ್ 10ನೇ ಶತಮಾನದಲ್ಲೇ ಬೇಲಿ ಹಾಕಿದ್ದ. ವಾಚ್ಯಾರ್ಥ ಇಂದ್ರಿಯಾನುಭವಕ್ಕೋ, ಬುದ್ಧಿಗೋ, ಇನ್ನೊಂದು ವಚನಕ್ಕೋ, ಪರಂಪರೆಗೋ ಅಡ್ಡ ಬಂದರೆ ಮಾತ್ರ ಅದನ್ನು ಬಿಡಬಹುದು. ಬೇಲಿ ದಾಟಿದವರು ಅಬ್ರಹಾಮ–ಸಾರಳನ್ನೇ ಗ್ರೀಕ್ ತತ್ವಶಾಸ್ತ್ರದ 'ರೂಪ' ಮತ್ತು 'ದ್ರವ್ಯ'ಗಳ ಸಂಕೇತ ಮಾಡಿಬಿಟ್ಟರು. ಮೂಲಪುರುಷರೇ ಸಂಕೇತವಾದರೆ ನಾಳೆ ಆಜ್ಞೆಗಳೂ ಸಂಕೇತವಾಗುತ್ತವೆ, ತೆಫಿಲಿನ್ ಕಟ್ಟುವವರು ಯಾರು ಎಂಬ ಭಯ ಹುಟ್ಟಿತು. 1305ರಲ್ಲಿ ಬಾರ್ಸಿಲೋನಾದ ರಬ್ಬಿ ಶ್ಲೋಮೋ ಬೆನ್ ಅದೆರೆತ್, 25 ತುಂಬದವರು ಗ್ರೀಕ್ ತತ್ವಶಾಸ್ತ್ರ ಓದಬಾರದೆಂದು ಬಹಿಷ್ಕಾರದ ಆಜ್ಞೆ ಹೊರಡಿಸಿದರು. ವೈದ್ಯಶಾಸ್ತ್ರಕ್ಕೆ ವಿನಾಯಿತಿ ಇತ್ತು.