ಉಪ್ಪುನೀರಿಗೆ ಮೀನು ಒಗ್ಗುವುದು ಹೇಗೆ: ಜೀನ್‌ಗಳ ಪಾತ್ರ

ಈ ಪಾಠದಲ್ಲಿ ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಒಂದು ಮೀನು ತನ್ನ ಆಯುಷ್ಯದಲ್ಲೇ ಉಪ್ಪಿಗೆ ಹೊಂದಿಕೊಂಡರೆ ಅದರ ಡಿಎನ್‌ಎ ಬದಲಾಗುವುದಿಲ್ಲ, ಯಾವ ಜೀನ್ ಎಷ್ಟು ಚುರುಕಾಗಿರಬೇಕು ಎಂಬುದಷ್ಟೇ ಬದಲಾಗುತ್ತದೆ. ತಲೆಮಾರುಗಳ ಮೇಲೆ ನಡೆಯುವ ವಿಕಾಸದಲ್ಲಿ ಆ ಜೀನ್‌ಗಳ ರೂಪಗಳೇ ಬದಲಾಗುತ್ತವೆ. ಪರೀಕ್ಷೆಯಲ್ಲಿ ಇವೆರಡನ್ನೂ ಕಲಸಿ ಬರೆಯುವವರೇ ಹೆಚ್ಚು.

ಮೂಳೆಮೀನುಗಳ ರಕ್ತದಲ್ಲಿ ಲವಣಾಂಶ ಸಮುದ್ರದ ನೀರಿನ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ಕಡಲಿನಲ್ಲಿ ದೇಹದ ನೀರು ಹೊರಗೆ ಸೋರುತ್ತಲೇ ಇರುತ್ತದೆ. ಮೀನು ಕಡಲನೀರನ್ನೇ ಕುಡಿದು, ಹೆಚ್ಚಾದ ಸೋಡಿಯಂ, ಕ್ಲೋರೈಡ್‌ಗಳನ್ನು ಕಿವಿರುಗಳಿಂದ ಹೊರಹಾಕುತ್ತದೆ. ಈ ಕೆಲಸಕ್ಕೆಂದೇ ಅಲ್ಲಿ ಅಯಾನೋಸೈಟ್ ಎಂಬ ಕೋಶಗಳಿವೆ.

ಈ ಕೋಶವನ್ನು ಚಿತ್ರ ಬಿಡಿಸಿಯೇ ಕಲಿಯಿರಿ. ಸೋಡಿಯಂ-ಪೊಟ್ಯಾಸಿಯಂ ಪಂಪ್ ಇರುವುದು ರಕ್ತದ ಕಡೆ, ಸಮುದ್ರದ ಕಡೆ ಅಲ್ಲ. ಅದು ಸೋಡಿಯಂ ಅನ್ನು ನೇರವಾಗಿ ಕಡಲಿಗೆ ಎಸೆಯುವುದಿಲ್ಲ. ಕೋಶದೊಳಗೆ ಸೋಡಿಯಂ ಕಡಿಮೆ ಇರುವಂತೆ ನೋಡಿಕೊಳ್ಳುತ್ತದೆ. ಆ ವ್ಯತ್ಯಾಸದ ಬಲದಿಂದ ಎನ್‌ಕೆಸಿಸಿ1 ಎಂಬ ಪ್ರೋಟೀನ್ ರಕ್ತದಿಂದ ಕ್ಲೋರೈಡ್ ಅನ್ನು ಒಳಗೆ ತರುತ್ತದೆ. ಆ ಕ್ಲೋರೈಡ್ ನೀರಿನ ಕಡೆಯಿರುವ ಸಿಎಫ್‌ಟಿಆರ್ ಎಂಬ ಪ್ರೋಟೀನ್ ಕಾಲುವೆಯಿಂದ ಹೊರಬೀಳುತ್ತದೆ. ಸೋಡಿಯಂ ಹೋಗುವುದು ಕೋಶಗಳ ನಡುವಿನ ಸಂದಿಯಿಂದ. ಮನುಷ್ಯರಲ್ಲಿ ಇದೇ ಸಿಎಫ್‌ಟಿಆರ್ ಜೀನ್ ಕೆಟ್ಟರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಬರುತ್ತದೆ, ಅಷ್ಟು ಹಳೆಯ ಜೀನ್ ಇದು!

ನದಿಯಲ್ಲಿ ಹುಟ್ಟಿ ಕಡಲಿಗೆ ಹೋಗುವ ಸಾಲ್ಮನ್ ಮೀನಿನಲ್ಲಿ ಆ ಸೋಡಿಯಂ-ಪೊಟ್ಯಾಸಿಯಂ ಪಂಪಿನ ಆಲ್ಫಾ ಉಪಘಟಕಕ್ಕೆ (ಪಂಪನ್ನು ಕಟ್ಟುವ ಪ್ರೋಟೀನ್ ಭಾಗಗಳಲ್ಲಿ ಒಂದಕ್ಕೆ) ಬೇರೆಬೇರೆ ಜೀನ್‌ಗಳಿವೆ: ಸಿಹಿನೀರಿನಲ್ಲಿ ಆಲ್ಫಾ-1ಎ ಮೇಲುಗೈ, ಕಡಲಿನಲ್ಲಿ ಆಲ್ಫಾ-1ಬಿ. ಮರಿ ನದಿಯಲ್ಲಿರುವಾಗಲೇ, ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನ್ ಏರಿದಂತೆ, ದೇಹ ಕಡಲಿಗೆ ಸಿದ್ಧವಾಗತೊಡಗುತ್ತದೆ. ಇದು ಮೊದಲ ಬಗೆಯ ಹೊಂದಾಣಿಕೆ.

ಎರಡನೆಯದಕ್ಕೆ ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನಿಗಿಂತ ಒಳ್ಳೆಯ ಉದಾಹರಣೆ ಸಿಗದು. ಇಲ್ಲಿ ಪಯಣ ಉಲ್ಟಾ, ಕಡಲಿನಿಂದ ಸಿಹಿನೀರಿಗೆ. ಹಿಮಯುಗದ ಮಂಜು ಕರಗಿದ ಮೇಲೆ ಇವು ಅನೇಕ ಕೆರೆ-ತೊರೆಗಳಲ್ಲಿ ಪ್ರತ್ಯೇಕವಾಗಿ ನೆಲೆಯಾದವು. 2012ರಲ್ಲಿ 21 ಮೀನುಗಳ ಜೀನೋಮ್ (ಇಡೀ ಡಿಎನ್‌ಎ) ಹೋಲಿಸಿದಾಗ, ದೂರದೂರದ ಸಿಹಿನೀರುಗಳಲ್ಲೂ ಅದೇ ಡಿಎನ್‌ಎ ತುಣುಕುಗಳು ಮತ್ತೆ ಮತ್ತೆ ಆಯ್ಕೆಯಾಗಿದ್ದು ಕಂಡಿತು. ಬದಲಾವಣೆಗಳಲ್ಲಿ ಹೆಚ್ಚಿನವು ಪ್ರೋಟೀನಿನ ರಚನೆಯಲ್ಲಲ್ಲ, ಜೀನ್‌ನ ನಿಯಂತ್ರಣದಲ್ಲಿ. ಮೇಲೆ ಹೇಳಿದ ಪಂಪಿನ ಜೀನ್, ಎಟಿಪಿ1ಎ1, ಇರುವುದು ಒಂದನೇ ವರ್ಣತಂತುವಿನಲ್ಲಿ ತಲೆಕೆಳಗಾದ ಒಂದು ತುಂಡಿನಲ್ಲಿ. ಕಡಲಿನ ಮೀನು ಕೆರೆಯ ಮೀನಿನೊಡನೆ ಕೂಡಿದರೂ ಆ ತುಂಡಿನೊಳಗೆ ಎರಡು ಬಗೆಯ ಡಿಎನ್‌ಎಯ ಅದಲುಬದಲು ಬಹಳ ಅಪರೂಪ, ಆದ್ದರಿಂದ ಒಟ್ಟಾಗಿ ಕೆಲಸಕ್ಕೆ ಬರುವ ರೂಪಗಳು ಚೆದುರದೆ ಒಟ್ಟಿಗೇ ಮುಂದಿನ ತಲೆಮಾರಿಗೆ ಸಾಗುತ್ತವೆ.