ಕಲ್ಮಶ, ಕಲುಷಿತ, ಕಲಬೆರಕೆ: ನಾನು ಎಡವಿದ ಜಾಗ

ಸಾಮಾನ್ಯ ವಿಜ್ಞಾನದ ಅಣಕು ಪರೀಕ್ಷೆಯಲ್ಲಿ ‘ಕಲ್ಮಶಿತ ನೀರು’ ಎಂದು ಬರೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಇಂಥ ಪದ ಎಲ್ಲಿ ಸಿಕ್ಕಿತಪ್ಪಾ?’ ಎಂದು ಪಕ್ಕದಲ್ಲೇ ಬರೆದರು. ಮರೆಯುವ ಮೊದಲು ಬರೆದಿಟ್ಟುಕೊಳ್ಳುತ್ತಿದ್ದೇನೆ.

ನೀರಿನೊಳಗೆ ಸೇರಿದ ಬೇಡದ್ದು ಕಲ್ಮಶ. ಅದು ಸೇರಿದ ಮೇಲೆ ನೀರು ಕಲುಷಿತ. ಎರಡೂ ಒಂದೇ ಗುಂಪಿನ ಪದಗಳಂತೆ ಕಂಡರೂ ಒಂದಕ್ಕೆ ‘ಇತ’ ಹಚ್ಚಿ ಇನ್ನೊಂದನ್ನು ಮಾಡಲು ಬರುವುದಿಲ್ಲ. ಕಾಗುಣಿತ: ಸಂಸ್ಕೃತದಲ್ಲಿ ಕಲ್ಮಷ, ಕನ್ನಡದಲ್ಲಿ ಕಲ್ಮಶ ಎಂದೂ ಬರೆಯುತ್ತಾರೆ. ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ.

ನನಗೆ ನಿಜವಾಗಿ ತಲೆ ಕೆಟ್ಟದ್ದು ಕಲ್ಮಶಕ್ಕೂ ಕಲಬೆರಕೆಗೂ ಇರುವ ವ್ಯತ್ಯಾಸದಲ್ಲಿ. ಕಲ್ಮಶ ಎಂದರೆ ಕೆಟ್ಟ ವಸ್ತು ಎಂದುಕೊಂಡಿದ್ದೆ. ಹಾಗಿದ್ದರೆ ಹಾಲಿಗೆ ಬೆರೆಸಿದ ನೀರು? ನೀರು ಕೆಟ್ಟದ್ದಲ್ಲವಲ್ಲ! ಇದೇ ಗೊಂದಲದಲ್ಲಿ ಅಡುಗೆಮನೆಗೆ ಹೋದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

‘ಅಮ್ಮಾ, ಅಕ್ಕಿಯಲ್ಲಿ ಕಲ್ಮಶ ಇದೆಯಾ?’

‘ಓದಿ ಓದಿ ನಿನಗೇನಾಯ್ತೋ! ನಾಲ್ಕು ನೆಲ್ಲಿದೆ, ಎರಡು ಹರಳಿದೆ.’

ಆ ನೆಲ್ಲು ನೋಡಿದಾಗ ಗಂಟು ಬಿಚ್ಚಿತು. ಗದ್ದೆಯಲ್ಲಿ ಅದೇ ಬೆಳೆ, ಅದಕ್ಕೇ ವರ್ಷವಿಡೀ ದುಡಿತ. ಮೊರಕ್ಕೆ ಬಂದರೆ ಉಗುರಲ್ಲಿ ಆಚೆ ತಳ್ಳುತ್ತೇವೆ. ವಸ್ತು ಯಾವುದು ಅನ್ನುವುದಕ್ಕಿಂತ ಎಲ್ಲಿದೆ, ಅಲ್ಲಿ ಬೇಕಿತ್ತೇ ಅನ್ನುವುದೇ ಮುಖ್ಯ. ಬಂಗಾರಕ್ಕೆ ತಾಮ್ರ, ಬೆಳ್ಳಿ ಸೇರಿದ 22 ಕ್ಯಾರೆಟ್ ಒಡವೆಯನ್ನೇ ನೋಡಿ. 24ರಲ್ಲಿ 22 ಪಾಲು ಚಿನ್ನ, ಅಂದರೆ ಸುಮಾರು ಶೇ 91.6. ಅದಕ್ಕೇ 916 ಮುದ್ರೆ. ಗಟ್ಟಿಯಾಗಲೆಂದು ಬೆರೆಸಿದ್ದು, ಆದ್ದರಿಂದ ಮಿಶ್ರಲೋಹ. ಅದನ್ನೇ 24 ಕ್ಯಾರೆಟ್ ಎಂದು ಮಾರಿದರೆ ಮೋಸ.

ನನ್ನ ಸುಲಭದ ದಾರಿ ಇದು: ‘ಯಾರು ಹಾಕಿದರು, ಯಾಕೆ ಹಾಕಿದರು?’ ಎಂದು ಕೇಳಿ. ಲಾಭಕ್ಕೆ ಗುಟ್ಟಾಗಿ ಹಾಕಿದ್ದರೆ ಕಲಬೆರಕೆ. ತಾನಾಗಿ ಬಂದು ಸೇರಿದ್ದರೆ ಕಲ್ಮಶ. ವಿದ್ಯುತ್ ಚೆನ್ನಾಗಿ ಹರಿಯಲೆಂದು ಸಿಲಿಕಾನ್‌ಗೆ ಚೂರೇ ಚೂರು ಬೋರಾನ್ ಅಥವಾ ರಂಜಕ ಸೇರಿಸುವ ಡೋಪಿಂಗ್ ಮಾತ್ರ ಈ ಲೆಕ್ಕಕ್ಕೆ ಸಿಗದ ಪುಂಡ: ಬೇಕೆಂದೇ ಹಾಕುತ್ತಾರೆ, ಆದರೂ ಪಾಠದಲ್ಲಿ ಅದು ಕಲ್ಮಶವೇ! ಬಾಯಿಪಾಠ ಮಾಡಿಬಿಡಿ.

ಕಾನೂನಿನ ಲೆಕ್ಕ ಇನ್ನೂ ವಿಚಿತ್ರ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಬೆಳೆಯುವಾಗ, ತಯಾರಿಸುವಾಗ, ಸಾಗಿಸುವಾಗ ಅಥವಾ ಪರಿಸರದಿಂದ ಆಹಾರಕ್ಕೆ ಸೇರಿದ್ದು ಕಲ್ಮಶ. ಆದರೆ ಹುಳುವಿನ ಚೂರು, ಇಲಿಯ ಕೂದಲು ಆ ವ್ಯಾಖ್ಯೆಗೆ ಸೇರುವುದಿಲ್ಲ, ಅವು ಬೇರೆ ಪಟ್ಟಿಯಲ್ಲಿ ‘ಹೊರಗಿನ ವಸ್ತು’. ಊಟದಲ್ಲಿ ಸಿಕ್ಕರೆ ಈ ಭೇದ ಯಾರಿಗೆ ಬೇಕು ಹೇಳಿ.

ಇನ್ನೊಂದು ಬಲೆ: ಕಣ್ಣಿಗೆ ಕಾಣುವುದಷ್ಟೇ ಕಲ್ಮಶವಲ್ಲ. ಬಗ್ಗಡ ನೀರು ನಿಂತರೆ ತಿಳಿಯಾಗುತ್ತದೆ. ಕೋಲಾರ, ಪಾವಗಡದ ಕಡೆಯ ಬೋರ್‌ವೆಲ್ ನೀರು ಗಾಜಿನಂತೆ ತಿಳಿಯಾಗಿದ್ದರೂ ಅದರಲ್ಲಿ ಫ್ಲೋರೈಡ್ ಇರಬಹುದು. ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನಷ್ಟು ಗಾಢವಾಗುತ್ತದೆ.

ಬಳಕೆಯ ಮಾತು: ಮನೆಯಲ್ಲಿ ಯಾರೂ ಕಲ್ಮಶ ಅನ್ನುವುದಿಲ್ಲ. ಎಣ್ಣೆಗೆ ಮಡ್ಡಿ, ಕಾಫಿಗೆ ಚರಟ, ಹಿತ್ತಾಳೆಗೆ ಕಿಲುಬು. ಈ ಪದ ಹೆಚ್ಚು ಬದುಕಿರುವುದು ಮನಸ್ಸಿನ ವಿಷಯದಲ್ಲಿ: ನಿಷ್ಕಲ್ಮಶ ನಗು, ನಿಷ್ಕಲ್ಮಶ ಪ್ರೀತಿ. ಸಂಸ್ಕೃತದಲ್ಲಿ ಕಲ್ಮಷಕ್ಕೆ ಪಾಪ ಎಂಬ ಅರ್ಥವೂ ಇರುವುದರಿಂದ ಇರಬೇಕು. ನೀರಿಗೆ ಮಾತ್ರ ಶುದ್ಧ ಎಂದೇ ಬರೆಯಿರಿ. ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ‘ನಿಷ್ಕಲ್ಮಶ ಕುಡಿಯುವ ನೀರಿನ ಘಟಕ’ ಎಂದು ಬೋರ್ಡ್ ಹಾಕಿದರೆ ಕ್ಯಾನ್ ಹಿಡಿದು ನಿಂತವರೆಲ್ಲ ನಗುತ್ತಾರೆ.