ನಾರ್ಫೋಕಿಂದ ಮಯಾಮಿಗೆ ಒಳದಾರಿಲಿ: ಪ್ಲಾನಿಂಗ್ ಕೂವೆಕಂಬದಿಂದ ಶುರು

ಹಾಯಿದೋಣಿ ಅಂದ್ರೆ ಮೊದಲು ಗಾಳಿ ನೋಡ್ಬೇಕು ಅಂತ ನಾನೂ ಅನ್ಕೊಂಡಿದ್ದೆ, ಆದ್ರೆ ಅಮೆರಿಕದ ಪೂರ್ವ ಕರಾವಳಿಯ ಇಂಟ್ರಾಕೋಸ್ಟಲ್ ವಾಟರ್‌ವೇಲಿ ಮೊದಲು ಅಳೀಬೇಕಾದ್ದು ಕೂವೆಕಂಬ, ಅಂದ್ರೆ ಹಾಯಿ ಕಟ್ಟೋ ಕಂಬ, ಯಾಕಂದ್ರೆ ಅದು ಸೇತುವೆಗಳ ಕೆಳಗೆ ನುಸುಳಬೇಕು. ಇದು ನದಿ, ಹಿನ್ನೀರು, ಕಾಲುವೆ ಎಲ್ಲಾ ಜೋಡಿಸಿ ಮಾಡಿರೋ ದಾರಿ, ವರ್ಜೀನಿಯಾದ ನಾರ್ಫೋಕಲ್ಲಿ ಮೈಲಿ ಸೊನ್ನೆ, ಮಯಾಮಿ ಹತ್ರ ಸುಮಾರು 1090. ಜಾಗ ಕಿರಿದು, ಹಾಗಾಗಿ ಬಹಳಷ್ಟು ಹೊತ್ತು ಇಂಜಿನ್ನೇ ಗತಿ, ಪಟ ಬಿಚ್ಚೋಕೆ ಸಿಕ್ಕಿದ್ರೆ ಅದೃಷ್ಟ.

ಮೈಲಿ ಅಂದ್ನಲ್ಲ, ನಾನು ಮೊದಲ ಲೆಕ್ಕದಲ್ಲೇ ಎಡವಿದ್ದು ಅಲ್ಲಿ. ಈ ದಾರಿಲಿ ಬರೆದಿರೋದು ನೆಲದ ಮೈಲಿ (1.609 ಕಿಮೀ), ದೋಣಿ ವೇಗ ಹೇಳೋ ನಾಟ್ ಮಾತ್ರ ನಾಟಿಕಲ್ ಮೈಲಿ (1.852 ಕಿಮೀ) ಲೆಕ್ಕ. ದಿನಕ್ಕೆ 50 ಮೈಲಿ ಅಂದ್ರೆ 43.4 ನಾಟಿಕಲ್ ಮೈಲಿ, 5 ನಾಟ್‌ಗೆ ಎಂಟೂಮುಕ್ಕಾಲು ಗಂಟೆ ಹತ್ರ. ನವೆಂಬರ್ ಶುರುಲಿ ನಾರ್ತ್ ಕೆರೊಲಿನಾದಲ್ಲಿ ಬೆಳಕಿರೋದು ಸುಮಾರು ಹತ್ತೂವರೆ ಗಂಟೆ, ಕತ್ತಲಲ್ಲಿ ಈ ಕಾಲುವೆಲಿ ಹೋಗೋದು ಬೇಡ, ಲಂಗರು ಹಾಕೋ ಜಾಗ ಹುಡ್ಕೋಕೂ ಟೈಮ್ ಬೇಕು. ಹಂಗೆ 22 ದಿನ ಅಂತ ಬಂದ್ರೂ ಒಂದು ತಿಂಗಳ ಮೇಲೇ ಇಟ್ಕೊಳಿ. ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30, ಬೇಗ ಹೊರಟ್ರೆ ಅದು, ತಡ ಮಾಡಿದ್ರೆ ಚಳಿ, ಅದಕ್ಕೇ ದಕ್ಷಿಣಕ್ಕೆ ಹೋಗೋರು ಹೆಚ್ಚಾಗಿ ಅಕ್ಟೋಬರ್-ನವೆಂಬರಲ್ಲಿ ಹೊರಡ್ತಾರೆ.

ಈಗ ಕಂಬಕ್ಕೆ ಬರೋಣ. ತೆರೆಯದ ಸೇತುವೆಗಳ ಕೆಳಗೆ ಸಾಮಾನ್ಯ ಲೆಕ್ಕ 65 ಅಡಿ, ಅದೂ ಭರತ ಏರಿದಾಗಿನ ಸರಾಸರಿ ನೀರಿಂದ ಅಳೆದದ್ದು. ಕಂಬ 62 ಅಡಿ, ತುದಿಲಿ 3 ಅಡಿ ಆಂಟೆನಾ ಇದ್ರೆ ಮುಗೀತು, ಆಂಟೆನಾ ಸೇರಿಸೋಕೆ ಮರೀಬೇಡಿ! ಜಾರ್ಜಿಯಾ ಕಡೆ ಭರತ ಇಳಿತದ ವ್ಯತ್ಯಾಸ 7ರಿಂದ 9 ಅಡಿ, ಅಲ್ಲಾದ್ರೆ ಇಳಿತಕ್ಕೆ ಕಾದು ನುಸುಳಬಹುದು. ಆದ್ರೆ ನಾರ್ತ್ ಕೆರೊಲಿನಾದ ಆಲಿಗೇಟರ್-ಪಂಗೊ ಕಾಲುವೆ ಮೇಲಿನ ವಿಲ್ಕರ್ಸನ್ ಸೇತುವೆ 64 ಅಡಿ ಅಷ್ಟೇ, ಅಲ್ಲಿ ಚಂದ್ರನ ಭರತ ಇಳಿತ ಇಲ್ಲವೇ ಇಲ್ಲ ಅನ್ನಬಹುದು, ನೀರು ಏರೋದು ಇಳಿಯೋದು ಗಾಳಿ ತಳ್ಳಿದ ಹಾಗೆ. ಭರತ ಇಳಿತದ ಟೇಬಲ್ ಹಿಡ್ಕೊಂಡು ಕೂತ್ರೆ ಏನೂ ಆಗಲ್ಲ. ತೆರೆಯೋ ಸೇತುವೆ ಬೇರೆ ಕಥೆ, ರೇಡಿಯೋಲಿ ಕರೀಬೇಕು, ವರ್ಜೀನಿಯಾ, ನಾರ್ತ್ ಕೆರೊಲಿನಾದಲ್ಲಿ ಚಾನೆಲ್ 13, ಫ್ಲೋರಿಡಾದಲ್ಲಿ 9.

ಮೇಲೆ ಕಂಬ, ಕೆಳಗೆ ಹೂಳು. ಸರ್ಕಾರಿ ಲೆಕ್ಕದಲ್ಲಿ ಫ್ಲೋರಿಡಾದ ಫೋರ್ಟ್ ಪಿಯರ್ಸ್ ತನಕ ಆಳ 12 ಅಡಿ, ಅದನ್ನ ನಂಬಿ ಹೋದ್ರೆ ಜಾರ್ಜಿಯಾದ ಹೆಲ್ ಗೇಟಲ್ಲೋ ಲಿಟಲ್ ಮಡ್ ರಿವರಲ್ಲೋ ಹೂಳಲ್ಲಿ ಸಿಕ್ಕಿ ಕೂರ್ತೀರಿ. ಹೂಳಿರೋ ಜಾಗನ ಭರತ ಏರ್ತಾ ಇರೋವಾಗ ದಾಟಿ, ತಳ ತಾಗಿದ್ರೂ ನೀರೇ ಎತ್ತತ್ತೆ. ಪೂರ್ತಿ ಏರಿದ ಮೇಲೆ ಹೋಗಿ ಸಿಕ್ಕಿಕೊಂಡ್ರೆ ಮುಂದಿನ ಭರತದವರೆಗೆ ಸುಮಾರು ಹನ್ನೆರಡು ಗಂಟೆ ಅಲ್ಲೇ, ಅದೂ ಹುಣ್ಣಿಮೆ ಅಮಾವಾಸ್ಯೆ ಭರತ ಆಗಿದ್ರೆ ಮುಂದಿನದು ಅಷ್ಟು ಏರದೇ ಇರಬಹುದು. ನಮ್ಮ ಕರಾವಳಿಲಿ ಅಳಿವೆ ದಾಟೋ ಮೀನುಗಾರರಿಗೆ ಇದನ್ನ ಯಾರೂ ಪಾಠ ಮಾಡ್ಬೇಕಿಲ್ಲ.

ನೀರಲ್ಲಿ ದಾರಿ ತೋರಿಸೋ ಗುರುತುಗಳು: ದಕ್ಷಿಣಕ್ಕೆ ಹೋಗ್ವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ಆದ್ರೆ ಸಮುದ್ರದಿಂದ ಬರೋ ಬೇರೆ ದಾರಿ ಜೊತೆ ಸೇರಿದ ಕಡೆ ಬಣ್ಣ ಉಲ್ಟಾ ಆಗಬಹುದು, ಆಗ ಬಣ್ಣ ಬಿಟ್ಟು ಗುರುತಿನ ಮೇಲಿರೋ ಹಳದಿ ಚಿಹ್ನೆ ನೋಡಿ, ತ್ರಿಕೋನ ಬಲಕ್ಕೆ, ಚೌಕ ಎಡಕ್ಕೆ.

ಶುರುಲೇ ಎರಡು ದಾರಿ ಇದೆ. 1805ರ ಡಿಸ್ಮಲ್ ಸ್ವಾಂಪ್ ಕಾಲುವೆಲಿ ನೀರು ಹಾಲಿಲ್ಲದ ಚಹಾ ಬಣ್ಣ, ಎರಡು ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸೋ ಗೇಟು), ಆಳ 6 ಅಡಿ ಆಸುಪಾಸು, ಲಾಕ್ ದಿನಕ್ಕೆ ಕೆಲವೇ ಸಲ ತೆಗೀತಾರೆ. ಇನ್ನೊಂದು ಗ್ರೇಟ್ ಬ್ರಿಡ್ಜ್ ಲಾಕ್ ಕಡೆಯದು, ಆಳ ಜಾಸ್ತಿ. ನಮ್ಮ ದೋಣಿ 5 ಅಡಿ ಮುಳುಗತ್ತೆ ಅಂದ್ರೆ ನಾನು ಎರಡನೇದೇ ಆರಿಸ್ತೀನಿ, ಚಹಾ ಬಣ್ಣ ಎಷ್ಟೇ ಚೆಂದ ಇರ್ಲಿ.

ಕೊನೆಲಿ ಮತ್ತೆ ಕಂಬ. ಮಯಾಮಿಯ ಜೂಲಿಯಾ ಟಟಲ್ ಸೇತುವೆ ಬರೀ 56 ಅಡಿ, 65 ಅಡಿ ಸೇತುವೆ ಎಲ್ಲಾ ಪಾಸಾಗಿ ಬಂದ 60 ಅಡಿ ಕಂಬ ಇಲ್ಲಿ ನಿಲ್ಲತ್ತೆ. ಅಂಥವರು ಉತ್ತರದಲ್ಲೇ ಇರೋ ಪೋರ್ಟ್ ಎವರ್‌ಗ್ಲೇಡ್ಸ್ ಬಂದರಲ್ಲಿ ಸಮುದ್ರಕ್ಕಿಳಿದು ಮಯಾಮಿಯ ಸಮುದ್ರ ಬಾಗಿಲು ಗವರ್ನಮೆಂಟ್ ಕಟ್‌ನಲ್ಲಿ ಒಳಗೆ ಬರ್ತಾರೆ, ಉತ್ತರದ ಗಾಳಿ ಜೋರಿದ್ರೆ ಆ ದಿನ ಬೇಡ, ಉತ್ತರಕ್ಕೆ ಹರಿಯೋ ಗಲ್ಫ್ ಸ್ಟ್ರೀಮ್ ಅನ್ನೋ ಸಮುದ್ರ ಪ್ರವಾಹಕ್ಕೆ ಗಾಳಿ ಎದುರಾಗಿ ಅಲೆ ಎದ್ದು ನಿಲ್ಲತ್ತೆ, ಅಲ್ಲಿಗೆ ಎರಡು ಮೂರು ದಿನ ಖಾಲಿ ಇಟ್ಕೊಂಡಿರಿ.